ನಿಂತಷ್ಟೂ ದೂರ: ತುಮಕೂರಿನಿಂದ ಕೋಲಾರಕ್ಕೆ ಸೈಕಲ್ ಮೇಲೆ ಮೂರು ದಿನ

ಮೊದಲ ದಿನ: ತುಮಕೂರು, ಕೊರಟಗೆರೆ, ಮಧುಗಿರಿ

ಡಿಸೆಂಬರ್ ನಡುಭಾಗ. 22 ಸೈಕಲ್, ಹಿಂದೆ ಸಾಮಾನು ಹೊತ್ತ ಒಂದು ಟಾಟಾ ಏಸ್. ತುಮಕೂರಿನಿಂದ ಮಧುಗಿರಿಗೆ 43 ಕಿ.ಮೀ. ಮೂರು ದಿನಗಳಲ್ಲಿ ಇದೇ ಚಿಕ್ಕ ದಿನ, ಬೇಕೆಂತಲೇ ಚಿಕ್ಕದಾಗಿ ಇಟ್ಟದ್ದು. ಸೈಕಲ್‌ನಲ್ಲಿ ಏನೇನು ಸರಿಯಿಲ್ಲವೋ ಅದೆಲ್ಲ ಮೊದಲ 20 ಕಿ.ಮೀ. ಒಳಗೇ ಬಾಯಿ ಬಿಡುತ್ತದೆ. ಅವತ್ತೇ ನೂರು ಕಿ.ಮೀ. ಹಾಕಿಕೊಂಡರೆ ಕೊನೆಯವನು ಊರು ಸೇರುವುದು ಕತ್ತಲಲ್ಲಿ.

ಹೊರಡುವ ಮೊದಲು ಪ್ರತಿ ಸೈಕಲ್ಲಿಗೂ ಎರಡು ನಿಮಿಷದ ತಪಾಸಣೆ. ನೆಲದಿಂದ ಎರಡು ಇಂಚು ಎತ್ತಿ ಕೈಬಿಡಬೇಕು. ಎಲ್ಲೇ ಸಡಿಲವಿದ್ದರೂ ಅಲ್ಲಿ ಲೊಟಲೊಟ ಶಬ್ದ ಬರುತ್ತದೆ. ಮುಂದಿನ ಬ್ರೇಕ್ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಹ್ಯಾಂಡಲ್ ಕಂಬ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲವೋ ಬಿಗಿಯೋ ಕೈಗೆ ತಿಳಿಯುತ್ತದೆ. ಚಕ್ರ ತಿರುಗಿಸಿ ರಿಮ್ ಬ್ರೇಕ್‌ಗೆ ತಾಗುತ್ತದೆಯೇ ನೋಡಬೇಕು, ಚಕ್ರದ ಕ್ವಿಕ್ ರಿಲೀಸ್ (ಚಕ್ರವನ್ನು ಬಿಗಿಹಿಡಿಯುವ ಹಿಡಿ) ಮುಚ್ಚಿದೆಯೇ ನೋಡಬೇಕು. ಟೈರಿನ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮೀಟರ್ ಇರುವ ಪಂಪೇ ಬೇಕು. 70 ಕೆ.ಜಿ. ತೂಗುವವರಿಗೆ 32 ಮಿ.ಮೀ. ಟೈರಾದರೆ ಗಾಳಿಯ ಒತ್ತಡ 60ರಿಂದ 65 ಪಿಎಸ್‌ಐ, 28 ಮಿ.ಮೀ. ಆದರೆ 75ರಿಂದ 80 ಸಾಕು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಅಂಕಿಯವರೆಗೂ ತುಂಬಿಸುವುದು ಹಲವರ ಚಾಳಿ. ಈ ಭಾಗದ ತೇಪೆ ಹಾಕಿದ ಡಾಂಬರಿನ ಮೇಲೆ ಹಾಗೆ ತುಂಬಿಸಿದ ಟೈರು ವೇಗ ಕೊಡುವುದಿಲ್ಲ, ಕೈಯನ್ನು ಜೋಮು ಹಿಡಿಸುತ್ತದೆ ಅಷ್ಟೇ.

ತಪಾಸಣೆ ಮುಗಿದ ಮೇಲೆ ತಟ್ಟೆ ಇಡ್ಲಿ. ತುಮಕೂರಿಗೆ ಬಂದು ಅದನ್ನು ಬಿಡುವ ಮಾತೇ ಇಲ್ಲ, ಆದರೆ ಬೆಣ್ಣೆ ಹಾಕಿದ ಎರಡಕ್ಕಿಂತ ಹೆಚ್ಚು ತಿಂದವರು ಮೊದಲ ಒಂದು ಗಂಟೆ ಹಿಂದೆಯೇ ಉಳಿದರು.

ಒಂಬತ್ತೂವರೆಗೆ ಹೊರಟಾಗ 22 ಜನ ಮೂರು ಗುಂಪು: ಏಳು, ಏಳು, ಎಂಟು. ಗುಂಪು ಗುಂಪಿನ ನಡುವೆ ಕನಿಷ್ಠ 200 ಮೀಟರ್. ಎರಡು ಲೇನಿನ ರಸ್ತೆಯಲ್ಲಿ 22 ಸೈಕಲ್ ಒಂದೇ ಸಾಲಾಗಿ ಹೋದರೆ ಆ ಸಾಲು ನೂರು ಮೀಟರ್‌ಗೂ ಹೆಚ್ಚು ಉದ್ದವಾಗುತ್ತದೆ. ಹಿಂದಿನಿಂದ ಬರುವ ಖಾಸಗಿ ಬಸ್ಸು ಅಷ್ಟುದ್ದದ ಸಾಲನ್ನು ಒಂದೇ ಉಸಿರಿಗೆ ದಾಟಲಾಗದೆ, ಎದುರು ಲಾರಿ ಬಂದಾಗ ಎಡಕ್ಕೆ ನುಗ್ಗುತ್ತದೆ. ನಡುವೆ ಜಾಗ ಬಿಟ್ಟರೆ ಬಸ್ಸಿಗೆ ಒಳಗೆ ಸರಿಯಲು ಎಡೆ ಸಿಗುತ್ತದೆ. ಪ್ರತಿ ಗುಂಪಿಗೆ ಮುಂದೆ ಒಬ್ಬ ಲೀಡ್, ಕೊನೆಯಲ್ಲಿ ಒಬ್ಬ ಸ್ವೀಪ್. ಸ್ವೀಪ್ ಆದವನು ಯಾವ ಕಾರಣಕ್ಕೂ ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗುವಂತಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಕಾಲಿನವನನ್ನು ಆ ಜಾಗಕ್ಕೆ ಹಾಕಬೇಕು, ಮುಂದಕ್ಕಲ್ಲ.

ಲೀಡ್ ಆದವನು ಕಲಿಯಬೇಕಾದ ಮುಖ್ಯ ಸಂಗತಿ ಹಂಪಿನ ಲೆಕ್ಕ. ಈ ರಸ್ತೆಯಲ್ಲಿ ಊರಿಗೆ ಎರಡಾದರೂ ಹಂಪು, ಅರ್ಧಕ್ಕೆ ಬಣ್ಣವಿಲ್ಲ. ಲೀಡ್ ಹಂಪಿನಲ್ಲಿ ಗಂಟೆಗೆ 8 ಕಿ.ಮೀ.ಗೆ ಇಳಿದು, ದಾಟಿದ ಕೂಡಲೇ 22ಕ್ಕೆ ಏರಿದರೆ, ಏಳನೆಯವನು ಆಗಿನ್ನೂ ಹಂಪಿನ ಮೇಲೇ ಇರುತ್ತಾನೆ. ಮುಂದಿನವರ ಬಾಲ ಹಿಡಿಯಲು ಅವನು 28ರಲ್ಲಿ ತುಳಿಯಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೀಗೆ ಐವತ್ತು ಸಲ ಮಾಡಿದವನ ತೊಡೆ ಸಂಜೆಗೆ ಸೆಟೆದುಕೊಳ್ಳುತ್ತದೆ. ಲೀಡ್‌ಗೆ ಮಾತ್ರ ಏನೂ ಆಗಿರುವುದಿಲ್ಲ. ಅದಕ್ಕೇ ಹಂಪು ದಾಟಿದ ಮೇಲೆ ಹತ್ತು ಸುತ್ತು ಹಗುರವಾಗಿ ತುಳಿದು, ಹಿಂದಿನಿಂದ 'ಬಂದ್ವಿ' ಅನ್ನುವ ಕೂಗು ಕೇಳಿದ ಮೇಲೆ ವೇಗ ಹೆಚ್ಚಿಸಬೇಕು. ಉಳಿದ ಕೂಗುಗಳು ಮೂರೇ: 'ಗುಂಡಿ', 'ಹಂಪು', 'ಹಿಂದೆ ಗಾಡಿ'. ಕೈಸನ್ನೆ ಚೆಂದ, ಆದರೆ ಗುಂಡಿಯ ಹತ್ತಿರ ಬಂದಾಗ ಎರಡೂ ಕೈ ಹ್ಯಾಂಡಲ್ ಮೇಲೇ ಇರುವುದು ಒಳ್ಳೆಯದು.

ಕೊರಟಗೆರೆಗೆ ಬರುವಷ್ಟರಲ್ಲಿ ನಿರೀಕ್ಷಿಸಿದ ದೂರುಗಳೆಲ್ಲ ಬಂದವು. ಮಂಡಿಚಿಪ್ಪಿನ ಮುಂದೆ ನೋವು ಎಂದವರ ಸೀಟು ತಗ್ಗಿತ್ತು, ಮಂಡಿಯ ಹಿಂದೆ ನೋವು ಎಂದವರ ಸೀಟು ಎತ್ತರವಿತ್ತು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಪೂರ್ತಿ ಕೆಳಕ್ಕೆ ತಂದಾಗ ಕಾಲು ನೇರವಾದರೆ ಎತ್ತರ ಹೆಚ್ಚುಕಡಿಮೆ ಸರಿ. ಬದಲಾಯಿಸುವುದಾದರೆ ಒಂದು ಸಲಕ್ಕೆ 3ರಿಂದ 5 ಮಿ.ಮೀ. ಮಾತ್ರ, ಮೊದಲಿನ ಎತ್ತರಕ್ಕೆ ಸೀಟ್‌ಪೋಸ್ಟಿನ ಮೇಲೆ ಟೇಪ್ ಸುತ್ತಿ ಗುರುತು ಇಡಬೇಕು. ಅಂಗೈ ಜೋಮು ಎಂದವರಲ್ಲಿ ಹೆಚ್ಚಿನವರ ಸೀಟಿನ ಮೂತಿ ಕೆಳಗೆ ಬಾಗಿತ್ತು. ಮೈ ಮುಂದಕ್ಕೆ ಜಾರುತ್ತದೆ, ಭಾರವೆಲ್ಲ ಕೈಗೆ ಬರುತ್ತದೆ. ಅಲೆನ್ ಕೀ ಹಾಕಿ ಮಟ್ಟ ಮಾಡಿದರೆ ಮುಗಿಯಿತು.

ಕೊರಟಗೆರೆಯಿಂದ ಮುಂದೆ ಬಂಡೆಗುಡ್ಡಗಳ ಸಾಲು, ನಡುವೆ ಚನ್ನರಾಯನದುರ್ಗ. ತೆಂಗು, ಅಡಿಕೆ ಇರುವಷ್ಟು ದೂರ ನೆರಳು; ತೋಟ ಮುಗಿದ ಕಡೆ ಬಯಲು. ಎರಡರ ಹೊತ್ತಿಗೆ ಮಧುಗಿರಿ.

ಸಂಜೆ ಬೆಟ್ಟ ಹತ್ತೋಣ ಎಂದು ಅರ್ಧ ಜನ ಕುಣಿದರು. ಮಧುಗಿರಿಯ ಏಕಶಿಲೆ ಬೆಟ್ಟ ಸಮುದ್ರಮಟ್ಟದಿಂದ 1,190 ಮೀಟರ್‌ಗೂ ಎತ್ತರ, ಕೋಟೆಯ ಮೇಲ್ಭಾಗಕ್ಕೆ ಹೋಗುವಾಗ ಬಂಡೆಯಲ್ಲೇ ಕೊರೆದ ಸಣ್ಣ ಹೆಜ್ಜೆಗುಳಿ. ಹತ್ತುವುದಕ್ಕಿಂತ ಇಳಿಯುವುದು ಕಾಲಿಗೆ ಕೆಟ್ಟದ್ದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದರ ನೋವು ಮಾರನೆಯ ದಿನ ಶುರುವಾಗಿ ಎರಡನೆಯ ದಿನ ಜೋರಾಗುತ್ತದೆ. ನಾಳೆ 90 ಕಿ.ಮೀ. ಇದೆ ಎನ್ನುವವರು ಬೆಟ್ಟವನ್ನು ಕೆಳಗಿನಿಂದ ನೋಡಿ ಟೀ ಕುಡಿಯುವುದು ಲೇಸು. ಮೊದಲ ಬಾಗಿಲವರೆಗೆ ಹೋಗಿ ಬರಲು ಅಡ್ಡಿಯಿಲ್ಲ.

ಎರಡನೆಯ ದಿನ: ಮಧುಗಿರಿ, ಗೌರಿಬಿದನೂರು, ವಿದುರಾಶ್ವತ್ಥ, ಚಿಕ್ಕಬಳ್ಳಾಪುರ

ದಾರಿಯೇನೋ ಸುಲಭ. ಹೊನ್ನಾವರದಿಂದ ಚಿತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 69 ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲವನ್ನೂ ಪೋಣಿಸಿಕೊಂಡು ಹೋಗುತ್ತದೆ. ಕಷ್ಟ ಇರುವುದು ಎತ್ತರದ ಲೆಕ್ಕದಲ್ಲಿ. ಮಧುಗಿರಿ ಊರು 780 ಮೀಟರ್ ಆಸುಪಾಸು, ಗೌರಿಬಿದನೂರು 700ಕ್ಕೆ ಹತ್ತಿರ, ಚಿಕ್ಕಬಳ್ಳಾಪುರ 900ಕ್ಕೂ ಮೇಲೆ. ಬೆಳಗಿನ ತಂಪಿನಲ್ಲಿ ಇಳಿಜಾರು ಸಿಗುತ್ತದೆ, ಊಟವಾದ ಮೇಲೆ ಬಿಸಿಲಿನಲ್ಲಿ 200 ಮೀಟರ್ ಏರು. ಜೊತೆಗೆ ಗಾಳಿ: ಡಿಸೆಂಬರ್‌ನಲ್ಲಿ ಈ ಬಯಲಿಗೆ ಮೂಡಣ ಗಾಳಿ, ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ. ಗಾಳಿಯೊಂದನ್ನೇ ನೋಡುವುದಾದರೆ ಡಿಸೆಂಬರ್‌ನಲ್ಲಿ ಕೋಲಾರದಿಂದ ತುಮಕೂರಿಗೆ ಬರುವುದೇ ಜಾಣತನ. ಮೂಡಣಕ್ಕೆ ಹೋಗುವವರಿಗೆ ಉಳಿಯುವ ಉಪಾಯ ಒಂದೇ, ಗಾಳಿ ಏಳುವ ಮೊದಲೇ ದೂರ ಮುಗಿಸುವುದು.

ಹಾಗಾಗಿ ಆರೂಕಾಲಿಗೇ ಚಕ್ರ ಉರುಳಿತು. ಸೂರ್ಯ ಹುಟ್ಟಲು ಇನ್ನೂ ಕಾಲು ಗಂಟೆ, ಚಳಿ ಬೆರಳಿಗೆ ಕಚ್ಚುವಷ್ಟು. ಮುಂದಿನ ದೀಪ ದಾರಿ ತೋರಿಸಲು, ಹಿಂದಿನ ಕೆಂಪು ದೀಪ ಜೀವ ಉಳಿಸಲು. ಹಿಂದಿನದನ್ನು ಬೆಳಕಾದ ಮೇಲೂ ಎಂಟೂವರೆವರೆಗೆ ಆರಿಸಬಾರದು. ಏಳರಿಂದ ಎಂಟರವರೆಗೆ ಸೂರ್ಯ ರಸ್ತೆಯ ನೇರಕ್ಕೇ ಇರುತ್ತಾನೆ. ನಮ್ಮ ಕಣ್ಣಿಗೆ ಹೊಡೆಯುವ ಬೆಳಕೇ ಹಿಂದಿನ ಲಾರಿಯ ಡ್ರೈವರಿನ ಕಣ್ಣಿಗೂ ಹೊಡೆಯುತ್ತದೆ. ಆಗ ಅವನಿಗೆ ಸೈಕಲ್ಲು ಬರೀ ಕಪ್ಪು ಗೆರೆ.

ಹತ್ತು ಕಿ.ಮೀ. ಆಗಿತ್ತೋ ಇಲ್ಲವೋ, ರಸ್ತೆಯ ಎಡ ಅರ್ಧಕ್ಕೆ ರಾಗಿ ತೆನೆ ಹರಡಿತ್ತು. ಸ್ವಲ್ಪ ಮುಂದೆ ಹುರುಳಿ ಬಳ್ಳಿ. ಕಣ ಮಾಡಿ ರೋಣುಗಲ್ಲು ಎಳೆಸುವವರು ಕಡಿಮೆಯಾಗಿ, ಸುಗ್ಗಿಯ ಒಕ್ಕಣೆ ಡಾಂಬರಿನ ಮೇಲೆ ಲಾರಿ, ಬಸ್ಸುಗಳ ಚಕ್ರದಡಿ ನಡೆಯುವುದು ಇಲ್ಲಿ ಮಾಮೂಲು. ಕವೆಗೋಲು ಹಿಡಿದು ನಿಂತಿದ್ದ ಹಿರಿಯರೊಬ್ಬರು, 'ಯಾಕಣ್ಣ ಪಕ್ಕಕ್ಕೋಯ್ತೀರಾ, ಮೇಲೇ ಬಿಡ್ರಣ್ಣ, ಕಾಳ್ ಉದುರ್ತದೆ' ಎಂದರು. ಸೈಕಲ್ ತೂಕಕ್ಕೆ ಉದುರುವ ಕಾಳು ಎಷ್ಟೆಂದು ಅವರಿಗೂ ಗೊತ್ತು.

ಮೇಲೆ ಬಿಟ್ಟರೆ ಆಗುವುದು ಇದು. ರಾಗಿ ಹುಲ್ಲು ಉದ್ದ, ಒಣಗಿದ್ದರೂ ನಾರಿನಂತೆ ಗಟ್ಟಿ. ಒಂದೆರಡು ಎಳೆ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್‌ನ ಕೆಳಗಿನ ಪುಟ್ಟ ಚಕ್ರಕ್ಕೆ ಸಿಕ್ಕಿ, ಚೈನ್ ಜೊತೆ ಮೇಲೇರಿ, ಕ್ಯಾಸೆಟ್ಟಿನ, ಅಂದರೆ ಹಿಂಚಕ್ರದ ಗೇರುಗಳ ಕಂತೆಯ, ಹಲ್ಲುಗಳ ನಡುವೆ ಸುತ್ತಿಕೊಳ್ಳುತ್ತದೆ. ಮೊದಲು ಚೈನ್ ಟಕ್ ಟಕ್ ಎಂದು ಹಾರುತ್ತದೆ. ಸವಾರ ಇನ್ನೂ ಜೋರಾಗಿ ತುಳಿಯುತ್ತಾನೆ, ಅಲ್ಲೇ ಕೆಡುವುದು. ಹುಲ್ಲು ಬಿಗಿದ ಚೈನ್ ಡಿರೇಲರನ್ನು ಹಿಂದಕ್ಕೂ ಮೇಲಕ್ಕೂ ಎಳೆದು ಸ್ಪೋಕಿನೊಳಗೆ ತೂರಿಸಿದರೆ ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿದು ಆ ದಿನದ ಸವಾರಿ ಮುಗಿದಂತೆ. ಟಕ್ ಎಂದ ಕೂಡಲೇ ತುಳಿಯುವುದು ನಿಲ್ಲಿಸಿ, ಉರುಳಿಕೊಂಡು ಬದಿಗೆ ಬಂದು, ಹಿಂಚಕ್ರ ಎತ್ತಿ ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಬೇಕು. ಸುತ್ತಿದ್ದು ಬಂದ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಉಳಿದದ್ದಕ್ಕೆ ಸಣ್ಣ ಕತ್ತರಿ. ಹಲ್ಲಿನ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬಾರದು.

ಹುರುಳಿಯ ಕಷ್ಟ ಬೇರೆ. ಬಳ್ಳಿಯಿಂದ ಉದುರಿದ ಕಾಳು ನುಣ್ಣಗಿನ ಡಾಂಬರಿನ ಮೇಲೆ ಬೇರಿಂಗ್ ಗುಂಡುಗಳ ಹಾಗೆ. ಮೇಲೆ ಬ್ರೇಕ್ ಹಿಡಿದರೆ ಅಥವಾ ಹ್ಯಾಂಡಲ್ ತಿರುಗಿಸಿದರೆ ಚಕ್ರ ಅಡ್ಡ ಜಾರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಮೊದಲೇ ವೇಗ ಇಳಿಸಿ, ತುಳಿಯದೆ, ನೇರವಾಗಿ ಉರುಳಿಕೊಂಡು ಹೋಗಬೇಕು. ಬಲಕ್ಕೆ ಸರಿದು ದಾಟುವುದಾದರೆ ಹಿಂದೆ ನೋಡಿ ಒಬ್ಬೊಬ್ಬರೇ.

ಇಷ್ಟಾದ ಮೇಲೆ ಒಂಬತ್ತಕ್ಕೆ ಗೌರಿಬಿದನೂರು. 38 ಕಿ.ಮೀ. ಚಿಲ್ಲರೆಗೆ ಎರಡೂ ಮುಕ್ಕಾಲು ಗಂಟೆ. ಚಕ್ರ ಉರುಳಿದ್ದು ಎರಡು ಗಂಟೆ ಮಾತ್ರ. ಗುಂಪು ಸವಾರಿಯ ಗಣಿತವೇ ಇದು. ಗಂಟೆಗೆ 18ರ ಬದಲು 20ರಲ್ಲಿ ತುಳಿದರೆ 90 ಕಿ.ಮೀ.ಗೆ ಉಳಿಯುವುದು ಅರ್ಧ ಗಂಟೆ. ಒಬ್ಬ ಮೂತ್ರಕ್ಕೆ, ಇನ್ನೊಬ್ಬ ಫೋಟೋಗೆ, ಮತ್ತೊಬ್ಬ ಜಾಕೆಟ್ ಬಿಚ್ಚಲು ಬೇರೆ ಬೇರೆ ಕಡೆ ನಿಂತು, ಪ್ರತಿ ಸಲವೂ ಉಳಿದವರು ಕಾದರೆ ಅದರ ಮೂರರಷ್ಟು ಹೋಗುತ್ತದೆ. ಹಾಗಾಗಿ ನಿಲ್ಲುವ ಜಾಗ ಹಿಂದಿನ ರಾತ್ರಿಯೇ ಗೊತ್ತಾಗಿರಬೇಕು: 18ರಿಂದ 20 ಕಿ.ಮೀ.ಗೆ ಒಂದು, ಎಂಟು ನಿಮಿಷ, ನೆರಳು ಮತ್ತು ನೀರು ಇರುವ ಕಡೆ. ಏನಿದ್ದರೂ ಅಲ್ಲೇ. ನಿಂತ ಕೂಡಲೇ ಮೊದಲು ಬಾಟಲಿ ತುಂಬು, ಆಮೇಲೆ ತಿನ್ನು, ಕೊನೆಗೆ ಕೂರು. ಮೊದಲು ಕೂತವನ ಬಾಟಲಿ ಹೊರಡುವಾಗ ಖಾಲಿಯೇ ಇರುತ್ತದೆ.

ಗೌರಿಬಿದನೂರಿನಲ್ಲಿ ತಿಂಡಿ ಮುಗಿಸಿ, ಹಿಂದೂಪುರದ ರಸ್ತೆಯಲ್ಲಿ ಆರು ಕಿ.ಮೀ. ದೂರದ ವಿದುರಾಶ್ವತ್ಥಕ್ಕೆ. ಹೋಗಿಬರಲು 12 ಕಿ.ಮೀ., ಏರು ಇಲ್ಲ. ಸಾಲುಸಾಲು ನಾಗರಕಲ್ಲುಗಳ ಪಕ್ಕದಲ್ಲೇ 1938ರ ಏಪ್ರಿಲ್ 25ರ ನೆನಪಿನ ಸ್ಮಾರಕ. ಅಂದು ಇಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಬಂದದ್ದು ಅದರಿಂದ. ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಬೂಟುಗಳನ್ನು ಹೊರಗೇ ಬಿಟ್ಟು, ಕಾಲುಚೀಲದಲ್ಲೂ ಹೋಗದೆ ಬರಿಗಾಲಲ್ಲಿ ಹೋಗುವುದು ಒಳ್ಳೆಯದು. ಕಾಲುಚೀಲಕ್ಕೆ ಹತ್ತಿದ ಮುಳ್ಳು ಮುಂದಿನ 40 ಕಿ.ಮೀ. ಬೂಟಿನೊಳಗೇ ಇರುತ್ತದೆ.

ಮುಳ್ಳಿನ ಮಾತಿಗೆ ಬಂದರೆ, ಸೈಕಲ್ ನಿಲ್ಲಿಸಲು ಬದಿಯ ಮಣ್ಣಿಗೆ ಇಳಿಸಿದವರಲ್ಲಿ ಮೂವರಿಗೆ ಒಟ್ಟಿಗೇ ಪಂಚರ್. ಕಾರಣ ನೆಗ್ಗಿಲು. ನೆಲಕ್ಕೆ ಹಬ್ಬುವ, ಹಳದಿ ಹೂವಿನ ಬಳ್ಳಿ. ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನೋಡುತ್ತದೆ. ಜಾಲಿಮುಳ್ಳು ಉದ್ದವಿದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಸೈಕಲನ್ನು ಬದಿಯ ಮಣ್ಣಿನ ಮೇಲೆ ಉರುಳಿಸದೆ ಎತ್ತಿಕೊಂಡು ಹೋಗುವುದೊಂದೇ ದಾರಿ. ಹೆದ್ದಾರಿಯ ಅಂಚಿನಲ್ಲಿ ಇನ್ನೊಂದು ಶತ್ರು ಉಂಟು: ಸಿಡಿದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಅದು ಕೂಡಲೇ ಗಾಳಿ ಬಿಡುವುದಿಲ್ಲ, ಅರ್ಧ ಗಂಟೆಯಲ್ಲಿ ಮೆಲ್ಲಗೆ ಇಳಿಸುತ್ತದೆ.

ಗುಂಪು ಸವಾರಿಯಲ್ಲಿ ರಸ್ತೆಬದಿ ಪ್ಯಾಚ್ ಹಾಕುತ್ತ ಕೂರಬಾರದು. ಟ್ಯೂಬ್ ಬದಲಿಸಿ ಹೊರಡಬೇಕು, ಪ್ಯಾಚ್ ರಾತ್ರಿಯ ಕೆಲಸ. ಪಂಚರ್ ಆದವನ ಜೊತೆ ಸ್ವೀಪ್ ಒಬ್ಬನೇ ನಿಲ್ಲಬೇಕು, ಉಳಿದವರು ಮುಂದಿನ ನೆರಳಿಗೆ. ಚಕ್ರ ಬಿಚ್ಚುವ ಮೊದಲು ಹಿಂದಿನ ಗೇರನ್ನು ಅತಿ ಚಿಕ್ಕ ಹಲ್ಲಿಗೆ ತರಬೇಕು, ಆಗ ಚಕ್ರ ಸಲೀಸಾಗಿ ಹೊರಬರುತ್ತದೆ. ಟೈರಿನ ಅಂಚನ್ನು ಒಂದು ಬದಿ ಮಾತ್ರ ಎಬ್ಬಿಸಿ ಟ್ಯೂಬ್ ಎಳೆದು, ಅದಕ್ಕೆ ಗಾಳಿ ತುಂಬಿ ತೂತು ಎಲ್ಲಿದೆ ನೋಡಬೇಕು. ಟ್ಯೂಬಿನ ವಾಲ್ವನ್ನು ಟೈರಿನ ವಾಲ್ವ್ ಜಾಗಕ್ಕೆ ಹೊಂದಿಸಿ ಹಿಡಿದರೆ ತೂತಿನ ಎದುರೇ ಮುಳ್ಳು ಇರುತ್ತದೆ. ಅಷ್ಟಕ್ಕೇ ಬಿಡದೆ ಬಟ್ಟೆ ಸುತ್ತಿದ ಬೆರಳನ್ನು ಟೈರಿನ ಒಳಗೆ ಪೂರ್ತಿ ಒಂದು ಸುತ್ತು ಆಡಿಸಬೇಕು. ನೆಗ್ಗಿಲು ಒಂಟಿಯಾಗಿ ಬರುವುದು ಅಪರೂಪ. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಕೊಟ್ಟು ಒಳಗಿಟ್ಟು, ಅಂಚನ್ನು ವಾಲ್ವಿನ ಎದುರು ಬದಿಯಿಂದ ಒತ್ತುತ್ತ ಬಂದು ವಾಲ್ವ್ ಹತ್ತಿರ ಮುಗಿಸಬೇಕು. ಕೊನೆಯ ನಾಲ್ಕು ಇಂಚು ಬಿಗಿ ಎಂದು ಟೈರ್ ಎಬ್ಬಿಸುವ ಲಿವರ್ ಹಾಕಿದರೆ ಹೊಸ ಟ್ಯೂಬೂ ಕಚ್ಚಿಕೊಂಡು ತೂತಾಗುತ್ತದೆ, ಹೆಬ್ಬೆರಳೇ ಸರಿ. ತುಂಬುವ ಮೊದಲು ಎರಡೂ ಬದಿ ಟೈರನ್ನು ಅಗಲಿಸಿ ಟ್ಯೂಬ್ ಇಣುಕುತ್ತಿಲ್ಲವೆಂದು ನೋಡಬೇಕು. ಕೈಪಂಪಿನಲ್ಲಿ 60 ಪಿಎಸ್‌ಐಗೆ ನೂರೈವತ್ತು ಸಲವಾದರೂ ಒತ್ತಬೇಕು. ಒಟ್ಟು ಹತ್ತು ನಿಮಿಷ.

ಪಂಚರ್ ಅಂಗಡಿಯ ಕಂಪ್ರೆಸರ್ ಬೈಕು, ಕಾರಿನ ವಾಲ್ವಿಗೆ ಮಾತ್ರ ಕೂರುತ್ತದೆ. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಇರುವವರು ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಂಡರೆ ಎಲ್ಲಿ ಬೇಕಾದರೂ ಗಾಳಿ ಸಿಗುತ್ತದೆ. ಬೆರಳುಗುರಿನಷ್ಟು ಸಣ್ಣ ವಸ್ತು, ಅದಿಲ್ಲದೆ ಗಾಳಿ ಅಂಗಡಿ ಎದುರೇ ಗಾಳಿಯಿಲ್ಲದೆ ನಿಲ್ಲಬೇಕಾಗುತ್ತದೆ.

ಹನ್ನೊಂದೂವರೆಗೆ ಮತ್ತೆ ಗೌರಿಬಿದನೂರು ದಾಟಿ ಮಂಚೇನಹಳ್ಳಿ ಕಡೆಗೆ. ಇಲ್ಲಿಂದ ಎದುರುಗಾಳಿ ಶುರು. ಒಬ್ಬರ ಹಿಂದೆ ಒಬ್ಬರು ಮುಂದಿನ ಚಕ್ರಕ್ಕೆ ಒಂದು ಮೀಟರ್ ಅಂತರದಲ್ಲಿ ಹೋದರೆ ಹಿಂದಿನವರಿಗೆ ಶ್ರಮ ಎದ್ದು ಕಾಣುವಷ್ಟು ಕಡಿಮೆ. ಆದರೆ ಚಕ್ರದ ಪಕ್ಕ ಚಕ್ರ ತೂರಿಸಬಾರದು. ಮುಂದಿನವನು ಗುಂಡಿ ತಪ್ಪಿಸಲು ಅಡ್ಡ ಬಂದರೆ ಅವನ ಹಿಂಚಕ್ರ ನಮ್ಮ ಮುಂಚಕ್ರಕ್ಕೆ ತಾಗುತ್ತದೆ, ಬೀಳುವುದು ಯಾವಾಗಲೂ ಹಿಂದಿನವನೇ. ಮುಂದೆ ಗಾಳಿ ಒಡೆಯುವವನಿಗೆ ಮೂರು ನಿಮಿಷ, ಆಮೇಲೆ ಅವನು ಸಾಲಿನ ಹಿಂದಕ್ಕೆ. ಐದು ನಿಮಿಷ ಎಂದು ಹಟ ಹಿಡಿಯುವವರು ಏರು ಬಂದಾಗ ಸಿಗುವುದಿಲ್ಲ.

ನೀರಿನ ವಿಷಯ. ಮೂರು ಜಿಲ್ಲೆಗೂ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಆಳದ ಬೋರ್‌ವೆಲ್ಲಿನ ನೀರಿಗೆ ಹಲವು ಕಡೆ ಫ್ಲೋರೈಡ್ ಕಾಟ. ಅದರಿಂದಲೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರ್ ಒಂದೇ ಸಮ ಬೀಳುತ್ತದೆ. ಬಾಟಲಿ ಹುಡುಕುತ್ತ ನಿಂತರೆ ಅರ್ಧ ಚರಂಡಿಗೆ. ಏಸ್‌ನಲ್ಲಿದ್ದ ಖಾಲಿ ಕ್ಯಾನನ್ನು ಕೆಳಗಿಟ್ಟು ತುಂಬಿ, ಆಮೇಲೆ ಬಾಟಲಿಗೆ ಹಂಚುವುದು ಸರಿ. ಕೆಲವು ಘಟಕ ಬೆಳಿಗ್ಗೆ, ಸಂಜೆ ಮಾತ್ರ ತೆರೆದಿರುತ್ತವೆ, ಕರೆಂಟು ಹೋದರೆ ಅದೂ ಇಲ್ಲ. ಆದ್ದರಿಂದ ಕ್ಯಾನು ಅರ್ಧವಾದಾಗಲೇ ಮುಂದಿನ ಊರಲ್ಲಿ ತುಂಬಬೇಕು. ಬಿಸಿಲಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಬೇಕು. ಬರೀ ನೀರು ಕುಡಿಯುತ್ತಲೇ ಇದ್ದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ, 4 ಗ್ರಾಂ ಚಿಲ್ಲರೆಯ ಸಣ್ಣ ಪೊಟ್ಟಣ 200 ಮಿ.ಲೀ.ಗೆ. ದೊಡ್ಡದನ್ನು ಅರ್ಧ ಲೀಟರಿನಲ್ಲಿ ಕಲಸಿದರೆ ದಾಹ ಇನ್ನೂ ಹೆಚ್ಚುತ್ತದೆ, ಹೊಟ್ಟೆಯೂ ಕೆಡುತ್ತದೆ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಸಿಕ್ಕಲ್ಲಿ ಬಿಡಬಾರದು.

ಊಟ ಮಂಚೇನಹಳ್ಳಿಯಲ್ಲಿ. ಅವರೆಕಾಯಿ ಕಾಲ, ಹಿದುಕಿದ ಬೇಳೆ ಸಾರು, ಮುದ್ದೆ ಕಣ್ಣೆದುರೇ ಇತ್ತು. ಏರು ಮುಂದಿದೆ ಎಂದು ಗೊತ್ತಿದ್ದವರು ಮುದ್ದೆಯನ್ನು ರಾತ್ರಿಗೆ ಬಿಟ್ಟು ಒಂದು ಬಟ್ಟಲು ಅನ್ನ, ಸಾರು, ಮಜ್ಜಿಗೆಗೆ ಕೈ ತೊಳೆದರು. ಗೊತ್ತಿಲ್ಲದವರು ಎರಡು ಮುದ್ದೆ ಉಂಡು ಮರದ ಕೆಳಗೆ ಒರಗಿದರು. ಅವರನ್ನು ಎಬ್ಬಿಸಲು ಹಿಡಿದ ಹೊತ್ತೇ ಅವತ್ತಿನ ಅತಿ ದೊಡ್ಡ ನಷ್ಟ. ದಾರಿಯಲ್ಲಿ ಗಂಟೆಗೊಮ್ಮೆ ಎರಡು ಬಾಳೆಹಣ್ಣೋ ಒಂದು ಕಡಲೆ ಮಿಠಾಯಿಯೋ ತಿನ್ನುತ್ತ ಬಂದವರಿಗೆ ಮಧ್ಯಾಹ್ನ ಅಷ್ಟು ಹಸಿವೂ ಇರುವುದಿಲ್ಲ.

ಏರಿನಲ್ಲಿ ಗುಂಪು ಒಡೆಯಲಿ. ಅಲ್ಲಿ ಪ್ರತಿಯೊಬ್ಬರಿಗೂ ಅವರವರ ವೇಗವೇ ಸರಿ, ಬೇರೆಯವರ ಹಿಂದೆ ಹೋಗಲು ಮಾಡುವ ಪ್ರಯತ್ನ ಕಾಲನ್ನು ಹಿಡಿಸುತ್ತದೆ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬರಬೇಕು. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಹಲ್ಲಿನ ಮೇಲೆ ಕರಕರ ಎಂದು ಜಾರುತ್ತದೆ, ಹಳೆಯ ಚೈನಾದರೆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಒಬ್ಬರ ಚೈನ್ ಹಾಗೆಯೇ ತುಂಡಾಯಿತು. ಹಾಳಾದ ಕೊಂಡಿಯನ್ನು ಚೈನ್ ಟೂಲಿನಿಂದ ತಳ್ಳಿ ತೆಗೆದು, ಕೈಯಿಂದಲೇ ಕೂಡಿಸುವ ಕೊಂಡಿಯಾದ ಕ್ವಿಕ್ ಲಿಂಕ್ ಹಾಕಿದರೆ ಐದು ನಿಮಿಷದ ಕೆಲಸ. ಲಿಂಕ್ ಮಾತ್ರ ಆ ಗೇರಿನದೇ ಆಗಬೇಕು. 9 ಸ್ಪೀಡಿನದು 11 ಸ್ಪೀಡಿಗೆ ಆಗುವುದಿಲ್ಲ. ಚೈನ್ ಒಂದು ಕೊಂಡಿ ಗಿಡ್ಡವಾಗಿದ್ದರೆ ಮುಂದೂ ಹಿಂದೂ ದೊಡ್ಡ ಹಲ್ಲಿಗೆ ಒಟ್ಟಿಗೆ ಹಾಕಬಾರದು, ಡಿರೇಲರ್ ಸೆಟೆದು ಮುರಿಯುತ್ತದೆ.

ಕೊನೆಯವರು ಚಿಕ್ಕಬಳ್ಳಾಪುರ ಸೇರಿದಾಗ ನಾಲ್ಕಕ್ಕೆ ಕಾಲು ಗಂಟೆ. ಒಂಬತ್ತೂವರೆ ಗಂಟೆಯ ದಿನ. ತುಳಿದದ್ದು ಐದು ಗಂಟೆಗೆ ಸ್ವಲ್ಪ ಹೆಚ್ಚು. ರಾತ್ರಿ ಮೂರು ಟ್ಯೂಬಿಗೂ ಪ್ಯಾಚ್. ತೂತಿನ ಸುತ್ತ ಉಪ್ಪುಕಾಗದದಿಂದ ಒರಟು ಮಾಡಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು ಪ್ಯಾಚ್ ಒತ್ತಬೇಕು. ಹಸಿಯಾಗಿದ್ದಾಗಲೇ ಒತ್ತುವುದರಿಂದಲೇ ಪ್ಯಾಚ್ ಬಿಡುವುದು. ಮೇಲೆ ಸ್ವಲ್ಪ ಪೌಡರ್ ಉದುರಿಸಿದರೆ ಟೈರಿಗೆ ಅಂಟುವುದಿಲ್ಲ.

ಮೂರನೆಯ ದಿನ: ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ

ಇಷ್ಟು ಹತ್ತಿರ ಬಂದು ನಂದಿ ಹತ್ತದಿದ್ದರೆ ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಒಂದು ಪೂರ್ತಿ ಬೆಳಿಗ್ಗೆ ಬೇಕು, ವಾರಾಂತ್ಯದಲ್ಲಿ ಕಾರುಗಳ ಸಾಲು ಬೇರೆ. ಅದಕ್ಕೆ ಇನ್ನೊಂದು ದಿನ. ಮಂಜು ದಟ್ಟವಾಗಿದ್ದರಿಂದ ಹೊರಡುವುದನ್ನೇ ಏಳಕ್ಕೆ ಹಾಕಲಾಯಿತು. ಎದುರಿನ ದೀಪ ನೂರು ಮೀಟರಿಗೆ ಕಾಣದಿದ್ದರೆ ಹೆದ್ದಾರಿಗೆ ಇಳಿಯಬಾರದು, ಎಷ್ಟೇ ಹೊತ್ತಾಗಲಿ.

ಶಿಡ್ಲಘಟ್ಟಕ್ಕೆ ಬೆಳಿಗ್ಗೆ ಹೋದರೆ ರೇಷ್ಮೆಗೂಡು ಮಾರುಕಟ್ಟೆಯ ಗಡಿಬಿಡಿ. ಗೂಡಿನ ಚೀಲ ತುಂಬಿದ ಆಟೋಗಳು ಎಲ್ಲಿ ಬೇಕೆಂದರೆ ಅಲ್ಲಿ ತಿರುಗುತ್ತವೆ, ನೂಲು ಬಿಚ್ಚುವ ಘಟಕಗಳ ಹಬೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಊರೊಳಗೆ ಸೈಕಲ್ ತಳ್ಳಿಕೊಂಡೇ ದಾಟಿದ್ದು. ಮುಂದೆ ಹಿಪ್ಪುನೇರಳೆ ತೋಟಗಳ ನಡುವಿನ ಏರಿಳಿತದಲ್ಲಿ ಒಬ್ಬರ ಹಿಂಚಕ್ರದಿಂದ ಟಣ್ ಎಂಬ ಶಬ್ದ. ಸ್ಪೋಕ್ ಹೋಯಿತು.

ಹೋಗುವುದು ಹೆಚ್ಚಾಗಿ ಹಿಂಚಕ್ರದ ಚೈನ್ ಬದಿಯದೇ, ಹಬ್ಬಿನ ಹತ್ತಿರ ಬಾಗುವ ಜಾಗದಲ್ಲಿ. ಗುಂಡಿಗೆ ಬಿದ್ದುದರಿಂದಲ್ಲ, ಸ್ಪೋಕುಗಳ ಬಿಗಿ ಒಂದೇ ಸಮ ಇಲ್ಲದಿದ್ದಾಗ ಸುತ್ತು ಸುತ್ತಿಗೂ ಸಡಿಲಾಗಿ ಬಿಗಿಯಾಗಿ ಲೋಹ ದಣಿಯುತ್ತದೆ. ಈ ಸೈಕಲ್ಲಿನ ಕ್ಯಾರಿಯರ್ ಮೇಲೆ ಏಸ್‌ಗೆ ಹಾಕದ 12 ಕೆ.ಜಿ. ಬ್ಯಾಗೂ ಇತ್ತು. ತುಂಡಾದದ್ದನ್ನು ಪಕ್ಕದ ಸ್ಪೋಕಿಗೆ ಸುತ್ತಿ ಟೇಪ್ ಹಾಕಿ, ರಿಮ್ ಬ್ರೇಕ್ ಸಡಿಲಿಸಿ, ತುಂಡಾದದ್ದರ ಅಕ್ಕಪಕ್ಕದ, ಎದುರು ಬದಿಗೆ ಎಳೆಯುವ ಎರಡು ಸ್ಪೋಕಿನ ನಿಪ್ಪಲ್ಲನ್ನು (ರಿಮ್ಮಿನ ತುದಿಯ ನಟ್ಟು) ಅರ್ಧ ಅರ್ಧ ಸುತ್ತು ಸಡಿಲಿಸಿದರೆ ರಿಮ್ ಓಲಾಟ ಕಡಿಮೆಯಾಗುತ್ತದೆ. 32 ಸ್ಪೋಕಿನ ಚಕ್ರ ಹಾಗೆಯೇ ನಿಧಾನವಾಗಿ ಊರು ಮುಟ್ಟುತ್ತದೆ. 20, 24 ಸ್ಪೋಕಿನದು ಏಸ್ ಹತ್ತಬೇಕು. ಚಿಂತಾಮಣಿಯ ಸೈಕಲ್ ಅಂಗಡಿಯಾತ ಹತ್ತು ನಿಮಿಷದಲ್ಲಿ ಬೆಂಡು ತೆಗೆದ, ಕಣ್ಣಳತೆಯಲ್ಲೇ. ಅವರ ಹತ್ತಿರ ಇಲ್ಲದ್ದು ಎರಡೇ: ಕ್ಯಾಸೆಟ್ ಬಿಚ್ಚುವ ಟೂಲ್ ಮತ್ತು ಸರಿಯಾದ ಉದ್ದದ ಸ್ಪೋಕ್. ಕ್ಯಾಸೆಟ್ ತೆಗೆಯದೆ ಚೈನ್ ಬದಿಯ ಸ್ಪೋಕ್ ಒಳಗೆ ಹೋಗುವುದಿಲ್ಲ. ಎರಡನ್ನೂ ಮನೆಯಿಂದಲೇ ತರಬೇಕು. ಸ್ಪೋಕ್ ಎರಡನ್ನು ಫ್ರೇಮಿಗೇ ಟೇಪ್ ಹಾಕಿ ಅಂಟಿಸಿಟ್ಟರೆ ಮರೆಯುವ ಮಾತಿಲ್ಲ.

ಚಿಂತಾಮಣಿಯಿಂದ ಕೋಲಾರದ ಕಡೆಗೆ ಟೊಮೆಟೊ ಸೀಮೆ. ಕ್ರೇಟು ಹೊತ್ತ ಪಿಕಪ್‌ಗಳು ತಿರುವಿನಲ್ಲಿ ಚೆಲ್ಲಿದ ಹಣ್ಣಿನ ತಿರುಳು ಒದ್ದೆ ಮಣ್ಣಿಗಿಂತ ಜಾರು. ದಾರಿಯ ಕೆಲವು ಕೆರೆಗಳು ತುಂಬಿವೆ. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿ ಯೋಜನೆಯಲ್ಲಿ ಹರಿಸಲಾಗುತ್ತಿದೆ. ನೋಡಲು ಚೆಂದ, ಬಾಟಲಿ ತೊಳೆಯಲು, ಮುಖಕ್ಕೆ ಎರಚಿಕೊಳ್ಳಲು ಅಲ್ಲ.

ಎರಡೂಮುಕ್ಕಾಲಿಗೆ ಅಂತರಗಂಗೆ ಬೆಟ್ಟ ಕಂಡಿತು, ಮೂರೂಕಾಲಿಗೆ ಎಲ್ಲರೂ ಕೋಲಾರದಲ್ಲಿ. ಹಿಂದಿನ ದಿನಕ್ಕಿಂತ ಚುರುಕು. ಕಾಲು ಗಟ್ಟಿಯಾದದ್ದಕ್ಕಲ್ಲ, ನಿಲ್ಲುವುದು ಅಭ್ಯಾಸವಾದದ್ದಕ್ಕೆ: ಎಂಟು ನಿಮಿಷವೆಂದರೆ ಎಂಟೇ ನಿಮಿಷ.

ವಾಪಸ್ ಸಾಗಿಸಲು ಒಂದು ಕ್ಯಾಂಟರ್. ಮೂರು ದಿನ ರಸ್ತೆಯಲ್ಲಿ ಮುರಿಯದ್ದು ಈ ಒಂದು ಗಂಟೆಯಲ್ಲಿ ಮುರಿಯುವುದೇ ಹೆಚ್ಚು. ಸೈಕಲ್ಲನ್ನು ಯಾವತ್ತೂ ಚೈನ್ ಬದಿಗೆ ಮಲಗಿಸಬಾರದು. ಮೇಲೆ ಇನ್ನೊಂದು ಬಿದ್ದರೆ ಹ್ಯಾಂಗರ್ ಒಳಕ್ಕೆ ಬಾಗುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ, ಮುಂದಿನ ಸವಾರಿಯಲ್ಲಿ ಅತಿ ಹಗುರ ಗೇರಿಗೆ ಹಾಕಿದಾಗ ಡಿರೇಲರ್ ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ. ನಿಲ್ಲಿಸಿಯೇ ಸಾಗಿಸಬೇಕು, ಒಂದರ ಮುಂಚಕ್ರ ಇನ್ನೊಂದರ ಹಿಂಚಕ್ರದ ಪಕ್ಕ ಬರುವ ಹಾಗೆ. ಒಳಬದಿಯ ಪೆಡಲ್ ಬಿಚ್ಚಬೇಕು. ಎಡ ಪೆಡಲಿನ ತಿರುಪು ಉಲ್ಟಾ, ಅದನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ನಡುವೆ ರಟ್ಟು, ಹಳೆಯ ಗೋಣಿಚೀಲ. ಹಗ್ಗ ಫ್ರೇಮಿನ ಮೇಲ್ಕೊಳವೆಗೆ ಬೇಡ, ಸೀಟಿನ ಕಂಬಕ್ಕೆ ಮತ್ತು ಹ್ಯಾಂಡಲಿನ ಬುಡಕ್ಕೆ. ಡಿಸ್ಕ್ ಬ್ರೇಕ್ ಇದ್ದರೆ ಅದರ ತಟ್ಟೆಗೆ (ರೋಟರ್) ಹಗ್ಗ ತಾಗದಂತೆ. ಕ್ಯಾಂಟರ್ ಹತ್ತು ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಮತ್ತೆ ಬಿಗಿಯಲು ಡ್ರೈವರಿಗೆ ಹೇಳಬೇಕು, ಮೊದಲ ಹಂಪುಗಳಲ್ಲೇ ಅದು ಸಡಿಲವಾಗಿರುತ್ತದೆ.